ಹಸಿದವುಗಳ ಮೇಡಂ

ಸವದತ್ತಿಯ ನಮ್ಮ ಮನೆಯ ಮಾಳಿಗೆ ಖೋಲಿಯಲ್ಲಿ ಬಾಡಿಗೆಗಿದ್ದ ಕಾಲೇಜು ಮೇಡಂಗೆ ಎದುರು ಸಿಕ್ಕವರ ಮುಖಕ್ಕಿಂತ ಅವರ ಕಾಲಡಿಯ ಮಣ್ಣಿನ ಮೇಲೇ ಕಣ್ಣು. ಒಂದು ಚಮಚೆ ಕೆದರಿ ಡಬ್ಬಿಗೆ ಹಾಕಿಕೊಂಡು, "ಪಾಪ, ಹಸದಾವ್ರಿ" ಅನ್ನುತ್ತಿದ್ದರು. ಹಸಿದದ್ದು ಆ ಮಣ್ಣಿನೊಳಗಿನ ಬ್ಯಾಕ್ಟೀರಿಯಾ. ಏಡಿಯ ಚಿಪ್ಪನ್ನು ಗಟ್ಟಿಯಾಗಿಸುವ ಕೈಟಿನ್ ಎಂಬುದನ್ನು ಕರಗಿಸುವ ಕಿಣ್ವ ಯಾವ ಬ್ಯಾಕ್ಟೀರಿಯಾದಲ್ಲಿದೆ, ಅದನ್ನು ಮಾಡಿಸುವ ಜೀನ್ ಯಾವುದು ಎಂಬುದೇ ಅವರ ಹುಡುಕಾಟ.

ಮನೋಳಿಯ ಹೊಳೆಯಿಂದ ಗುಟ್ಟಾಗಿ ಏಡಿ ತಂದುಕೊಡುತ್ತಿದ್ದವನು ನಾನು. ಬ್ಯಾಕ್ಟೀರಿಯಾಕ್ಕೆ ಉಣಿಸಲು ಮೇಡಂ ಚಿಪ್ಪು ತೊಳೆದು ಬಿಳಿ ಪುಡಿ ಮಾಡುತ್ತಿದ್ದರು. ಮಾಂಸ, ಮೊಟ್ಟೆ ಮುಟ್ಟದ ನಮ್ಮವ್ವನ ಕಾಯಿದೆ ಒಂದೇ: "ತತ್ತಿ ಒಳಗ ಬಂತಂದ್ರ ಖೋಲಿ ಖಾಲಿ."

ಒಂದು ಮುಂಜಾನೆ, ಮೇಡಂ ಮೆಟ್ಟಿಲ ಮೇಲೆ ಮರೆತಿದ್ದ ಆ ಪುಡಿಯ ಡಬ್ಬಿಯನ್ನು ರಂಗೋಲಿಯದೆಂದುಕೊಂಡು ಅವ್ವ ಬಾಗಿಲ ಮುಂದೆ ದೊಡ್ಡ ಕಮಲವನ್ನೇ ಬರೆದುಬಿಟ್ಟಿದ್ದಳು. ಇಳಿದು ಬಂದ ಮೇಡಂ ಹಾಗೇ ನಿಂತರು. ಹೇಳಿದರೆ ಖೋಲಿ ಹೋಗುತ್ತದೆ, ಸುಮ್ಮನಿದ್ದರೆ ಪುಡಿ ಹೋಗುತ್ತದೆ.

"ಹೆಂಗೈತಿ ಯವ್ವಾ?" ಎಂದಳು ಅವ್ವ.

"ಭಾಳ ಚಂದ ಬಂದೈತ್ರಿ ಅವ್ವಾರ."

ಕೆಲವು ವಾರಗಳ ನಂತರ ಮೇಡಂ ಅದೇ ಜಾಗದ ಮಣ್ಣು ಕೆದರಿ ಕಾಲೇಜಿಗೆ ಒಯ್ದರು. ಆಮೇಲೊಂದು ಸಂಜೆ ಗಾಜಿನ ತಟ್ಟೆ ಹಿಡಿದು ಓಡಿಬಂದರು. ತಟ್ಟೆಯಲ್ಲಿ ಬೆರೆಸಿದ್ದ ಚಿಪ್ಪಿನ ಪುಡಿ ಬ್ಯಾಕ್ಟೀರಿಯಾದ ಒಂದು ಚುಕ್ಕೆಯ ಸುತ್ತ ಅಂಗಿಯ ಗುಂಡಿಯಷ್ಟಗಲ ಕರಗಿ ತಿಳಿಯಾಗಿತ್ತು.

"ಅವ್ವಾರ, ಇಂಥಾ ಶಾಣ್ಯಾ ಬ್ಯಾಕ್ಟೀರಿಯಾ ಎಲ್ಲೂ ಸಿಕ್ಕಿದ್ದಿಲ್ರಿ. ನಿಮ್ಮ ರಂಗೋಲಿ ಉಂಡು ಬೆಳದಾವ್ರಿ!"

ಅವ್ವ ಉಬ್ಬಿಹೋದಳು. "ಹಂಗಾರ ಅದ ರಂಗೋಲಿ ಇನ್ನೊಂದು ಡಬ್ಬಿ ತಗೊಂಡ ಬಾ ಯವ್ವಾ. ಪಾಪ, ಹಸದಾವು."

ಮೇಡಂ ನನ್ನ ಕಡೆ ನೋಡಿದರು. ನಾನು ಮನೋಳಿಗೆ ಹೊರಡಲು ಗಾಡಿ ಹೊರತೆಗೆದೆ.