ಬೆಂಕಿಯುಂಡೆಗೆ ಒಂದು ಲೆವೆಲ್ ಬಾಕಿ

ನಮ್ಮ ಭಾವ ಯಾರನ್ನೂ ಸುಮ್ಮನೆ ಹೊಗಳುವ ಮನುಷ್ಯರಲ್ಲ. ಆದ್ದರಿಂದ ಒಂದು ಭಾನುವಾರ ಮಧ್ಯಾಹ್ನ ಅವರು, "ನಿನ್ ಮಂತ್ರಗಾತಿ ಚೆನ್ನಾಗ್ ಬೆಳದವ್ಳೆ ಕಣಮ್ಮಿ, ಇನ್ ವಸಿ ವೈದ್ಯನೂ ಕಲೀಲಿ" ಅಂದಾಗ ನನ್ನ ಕಿವಿ ನೆಟ್ಟಗಾಯಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಟ್ಯಾಕ್ಸಿ ಓಡಿಸುತ್ತಾರೆ. ಪಿರಿಯಾಪಟ್ಟಣದ ಕಡೆಯ ಕೊಪ್ಪದಿಂದ ಮಡಿಕೇರಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋದಾಗ, ಒಂದು ಹೋಂಸ್ಟೇಯಲ್ಲಿ ಅವರ ಜೊತೆ ಕೂತು ಈ ಆಟ ಕಲಿತು ಬಂದರು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನುಗ್ಗಬೇಕು. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ದಾಳ ಹೇಳುತ್ತದೆ. ನಮ್ಮಲ್ಲಿ ಕಥೆ ಭಾವನದು. ನಾನು ಮಂತ್ರಗಾತಿ, ನಮ್ಮ ಯಜಮಾನರು ಕಳ್ಳ, ಅಕ್ಕ ಬಿದ್ದವರ ಗಾಯ ಮಾಯಿಸುವ ವೈದ್ಯೆ. ಅಕ್ಕನಿಗೆ ಆ ಪಾತ್ರ ಕೊಟ್ಟವರು ಯಾರು ಅಂತ ಈಗ ಕೇಳಿದರೆ ಯಾರಿಗೂ ನೆನಪಿಲ್ಲ. ಅವಳಿಗೆ ಅದು ಒಪ್ಪುತ್ತದೆ ಅಂತ ಎಲ್ಲರಿಗೂ ಅನಿಸಿತ್ತು, ಅಷ್ಟೆ.

ಅಕ್ಕನ ಊರು ಪಿರಿಯಾಪಟ್ಟಣಕ್ಕೆ ಹತ್ತಿರ. ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅದಕ್ಕೆ ಅಂಟಿಕೊಂಡು ಸೊಪ್ಪು ವಿಂಗಡಿಸುವ ಶೆಡ್ಡು. ಹರಾಜು ಮುಗಿದ ಮೇಲೆ ಶೆಡ್ಡು ಖಾಲಿ ಬಿದ್ದಿರುತ್ತದೆ. ಎಷ್ಟು ಗುಡಿಸಿದರೂ ಹೊಗೆಸೊಪ್ಪಿನ ಘಾಟು ಮಾತ್ರ ಹೋಗುವುದಿಲ್ಲ. ಅಲ್ಲೇ ಚಾಪೆ ಹಾಸಿ ಆಡುತ್ತೇವೆ. ಅಕ್ಕ ಯಾವಾಗಲೂ ಬಾಗಿಲ ಪಕ್ಕ ಕೂರುತ್ತಾಳೆ. ಅವಳ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾರೆ, ಕರೆದರೆ ಕೇಳಿಸಬೇಕು.

ನನ್ನ ಮಂತ್ರಗಾತಿಗೆ ಆಗ ನಾಲ್ಕನೇ ಲೆವೆಲ್. ಐದಕ್ಕೆ ಹೋದರೆ ಬೆಂಕಿಯುಂಡೆ ಸಿಗುತ್ತದೆ. ಒಂದು ಉಂಡೆ ಎಸೆದರೆ ಒಂದು ಕೋಣೆ ತುಂಬ ರಾಕ್ಷಸರು ಬೂದಿ. ಅದಕ್ಕೋಸ್ಕರ ಒಂದು ವರ್ಷದಿಂದ ಕಾದಿದ್ದೆ. ಆದರೆ ಈ ಆಟದಲ್ಲಿ ಹೊಸ ಲೆವೆಲ್ಲನ್ನು ನಮ್ಮ ವಿದ್ಯೆಗೇ ಹಾಕಬೇಕು ಅಂತೇನಿಲ್ಲ, ಇನ್ನೊಬ್ಬರ ವಿದ್ಯೆಗೂ ಹಾಕಬಹುದು. ಮಲ್ಟಿಕ್ಲಾಸ್ ಅನ್ನುತ್ತಾರೆ. ವೈದ್ಯ ಕಲಿತರೆ ದೊಡ್ಡ ಮಂತ್ರ ಹಾಕುವ ಕಸುವು ನನಗೆ ಬರುತ್ತದೆ, ಬೆಂಕಿಯುಂಡೆಯ ಮಂತ್ರ ಮಾತ್ರ ಬರುವುದಿಲ್ಲ. ಒಲೆ ಹೊತ್ತಿಸಿಟ್ಟುಕೊಂಡು ಅಕ್ಕಿಯಿಲ್ಲದೆ ಕೂತ ಹಾಗೆ.

"ಕಬ್ಬಿಣದ್ ಅಂಗಿನೂ ಆಕ್ಕಬೋದು, ಬೇಗ ಸಾಯಕ್ಕಿಲ್ಲ" ಎಂದು ಭಾವ ಪೂಸಿ ಹೊಡೆದರು.

ಇವರಿಗೆ ನನ್ನ ಪ್ರಾಣದ ಮೇಲೆ ಯಾವಾಗಿನಿಂದ ಇಷ್ಟು ಕಾಳಜಿ? ವಾರವೆಲ್ಲ ಗಾಡಿ ಓಡಿಸುತ್ತಾ ತಲೆಯಲ್ಲೇ ರಾಕ್ಷಸರನ್ನು ಸಾಕುವ ಮನುಷ್ಯ. ನಾನು ಒಂದೇ ಏಟಿಗೆ ಸುಟ್ಟುಹಾಕಿದರೆ ಅವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸಂಜೆ ಸ್ಕೂಟರಿನಲ್ಲಿ ವಾಪಸ್ ಬರುವಾಗ ನಮ್ಮ ಯಜಮಾನರೂ, "ಕಲ್ತ್ಕೊಂಡ್ರೆ ನಿನ್ ಗಂಟೇನ್ ಓಯ್ತದೆ?" ಅಂದರು. ಓಹೋ, ಇವರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಅಂದುಕೊಂಡೆ. ಆ ವಾರವೆಲ್ಲ ಅದೇ ಗುಂಗು.

ನಾನು ಹುಟ್ಟಿದ್ದೂ ಹೊಗೆಸೊಪ್ಪು ಬೆಳೆಯುವ ಮನೆಯಲ್ಲೇ. ಹರಾಜಿನಲ್ಲಿ ಬೆಲೆ ಹಿಡಿಸದಿದ್ದರೆ ನಮ್ಮಪ್ಪ, "ಸೊಪ್ಪಿನ್ ಬೇಲು ವಾಪಸ್ ತಕ್ಕೋಯ್ತೀನಿ" ಎಂದು ದೊಡ್ಡದಾಗಿ ಹೇಳುತ್ತಿದ್ದರು. ಹೇಳಿದ ಎಲ್ಲ ಸಲವೂ ತಕ್ಕೊಂಡು ಹೋಗುವುದಕ್ಕಲ್ಲ. ಯಾರ ಮುಖ ಬದಲಾಗುತ್ತದೆ, ನಿಜವಾಗಿ ಸೊಪ್ಪು ಬೇಕಾಗಿರುವವರು ಯಾರು ಎಂದು ನೋಡುವುದಕ್ಕೆ. ನಾನೂ ಹಾಗೇ ಮಾಡಬೇಕೆಂದು ತೀರ್ಮಾನಿಸಿದೆ.

ಮುಂದಿನ ಭಾನುವಾರ ಒಂದು ಕಾಳಗ ಗೆದ್ದು ಎಲ್ಲರಿಗೂ ಒಂದೊಂದು ಲೆವೆಲ್ ಸಿಕ್ಕಿತು. ನಾನು ಗಂಟಲು ಸರಿಮಾಡಿಕೊಂಡು, "ಬೆಂಕಿನೂ ಬ್ಯಾಡ, ವೈದ್ಯನೂ ಬ್ಯಾಡ ಬಾವ. ನಾನು ಕತ್ತಿ ಇಡೀತೀನಿ" ಎಂದು ಸುಳ್ಳು ಬಿಟ್ಟೆ.

ಭಾವನ ಮುಖವನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. "ಅಂಗೂ ಮಾಡ್ಬೋದು ಬುಡು" ಅಂದರು. ನಮ್ಮ ಯಜಮಾನರು ಕಡಲೆಕಾಯಿ ಸುಲಿಯುತ್ತಲೇ ಇದ್ದರು. ಮುಖ ಇಳಿದುಹೋದದ್ದು ಅಕ್ಕನದು. ಕೈಯಲ್ಲಿದ್ದ ದಾಳವನ್ನು ಚಾಪೆಯ ಮೇಲಿಟ್ಟು ಹೊರಗೆ ನೋಡಿದಳು. ಅಷ್ಟರಲ್ಲಿ ಅತ್ತೆ ಕರೆದರು, ಎದ್ದು ಹೋದಳು.

"ಏನ್ ಬಾವ ಇದು?" ಅಂದೆ.

ಭಾವ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಂದೇನಿಲ್ಲ ಕಣಮ್ಮಿ. ನಿಂಗ್ ವೈದ್ಯ ಕಲ್ಸಿ ಅಂತ ನಿಮ್ಮಕ್ಕನೇ ನನ್ ಕೈಲಿ ಏಳ್ಸಿದ್ದು."

ನನಗೆ ಸಿಟ್ಟು ಬಂತು. ಒಡಹುಟ್ಟಿದವಳೇ! ನನ್ನ ಬೆಂಕಿ ಇವಳಿಗೇನು ಮಾಡಿತ್ತು? ಸರಸರ ಹಿತ್ತಲಿಗೆ ಹೋದೆ. ಅಕ್ಕ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು.

"ಯಾಕಕ್ಕ, ನನ್ನ ಬೆಂಕಿ ಮೇಲೆ ಕಣ್ಣು ನಿಂಗೆ?"

ಅವಳು ನಲ್ಲಿ ನಿಲ್ಲಿಸಿದಳು. "ಮನೇಲಿ ಅತ್ತೆನ ಎತ್ತು, ಮಗ್ಗುಲು ತಿರುಗ್ಸು, ಮಾತ್ರೆ ಕೊಡು. ವಾರಕ್ಕೊಂದ್ ದಿನ ಅಲ್ಲಿ ಬಂದ್ ಕೂತ್ರೆ ನಿಮ್ಮುನ್ನ ಎತ್ತು. ನಂಗೂ ಒಂದ್ ಕೊಡ್ಲಿ ಇಡ್ಕಂಡು ಯಾರ್ಗಾದ್ರೂ ಬಿಡ್ಬೇಕು ಅನ್ಸಲ್ವಾ? ನೀನೂ ವಸಿ ವೈದ್ಯ ಕಲ್ತ್ರೆ ನಾನು ಕೊಡ್ಲಿ ಕಡೀಕ್ ಓಗ್ಬೋದು."

"ನೆಟ್ಟಗೆ ನನ್ನೇ ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ಅಯ್ಯೋ ಪಾಪ ಅಂತ ಒಪ್ಕತಿದ್ದೆ. ಅದು ಬ್ಯಾಡಾಗಿತ್ತು ನಂಗೆ."

ಸೀರೆ ಸೆರಗಿಗೆ ಕೈ ಒರೆಸಿಕೊಂಡು ಶೆಡ್ಡಿಗೆ ನಡೆದಳು. ನನಗೆ ನಾಚಿಕೆಯಾಯಿತು, ಬೆಂಕಿಯುಂಡೆಗಾಗಿ ಸಂಕಟವೂ ಆಯಿತು, ಎರಡೂ ನಿಜ. ಶೆಡ್ಡಿಗೆ ಹೋಗಿ ಕೂತು, "ಕತ್ತಿ ಭಾರ ಆಗುತ್ತೆ, ವೈದ್ಯನೇ ಇರಲಿ" ಅಂದೆ. ಅಕ್ಕ ತನ್ನ ಹೊಸ ಲೆವೆಲ್ಲನ್ನು ಕೊಡಲಿಗೆ ಹಾಕಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅದಾದ ಮುಂದಿನ ವಾರ ಒಂದು ಕಲ್ಲಿನ ಸೇತುವೆ, ಅದರ ಮೇಲೆ ನಿದ್ದೆ ಮಾಡುತ್ತಿರುವ ದೈತ್ಯ. ಸದ್ದಿಲ್ಲದೆ ದಾಟಬಹುದು ಎಂದು ನಮ್ಮ ಕಳ್ಳ ದಾರಿ ತೋರಿಸಿದ್ದ. ಅಕ್ಕ ಚಾಪೆಯ ಮೇಲೆ ಮಂಡಿಯೂರಿ ಎದ್ದು, "ನಾನ್ ನುಗ್ತೀನಿ" ಅಂದಳು. ದಾಳ ಉರುಳಿತು, ಏಟು ಬಿತ್ತು. ಇನ್ನೊಂದು ಸಲ ಉರುಳಿತು, ಮತ್ತೆ ಬಿತ್ತು. ಅಕ್ಕ ಕೂಗಿದ ಕೂಗಿಗೆ ಒಳಗಿಂದ ಅತ್ತೆ, "ಏನಾಯ್ತ್ರೋ?" ಅಂದರು.

"ಏನಿಲ್ಲ ಕಣವ್ವ, ನಿನ್ ಸೊಸೆ ರಾಕ್ಷಸುನ್ನ ಕಡೀತಾವ್ಳೆ" ಎಂದು ಭಾವ ಕೂಗಿ ಹೇಳಿದರು.

ದೈತ್ಯನ ಗದೆಗೆ ಅಕ್ಕ ಕೊನೆಗೆ ಬಿದ್ದಳು. ಬೆಂಕಿಗೆಂದು ಕಾದಿಟ್ಟಿದ್ದ ಕಸುವನ್ನೆಲ್ಲ ಸುರಿದು ನಾನು ಅವಳ ಗಾಯ ಮಾಯಿಸಿದೆ. "ಎದ್ದೇಳಕ್ಕ" ಅಂದೆ.

ಅವಳು ಏಳಲಿಲ್ಲ. ಶೆಡ್ಡಿನ ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡಳು. "ಇರು, ವಸಿ ಒತ್ತು ಇಂಗೇ ಇರ್ತೀನಿ."

ಗದೆ ಬೀಳುವ ಮೊದಲು ಅವಳ ಹತ್ತಿರ ಗಾಯ ಮಾಯಿಸುವ ಮಂತ್ರ ಒಂದು ಉಳಿದಿತ್ತು. ಹಾಕಿಕೊಂಡಿದ್ದರೆ ಬೀಳುತ್ತಿರಲಿಲ್ಲ. ಬೇಕೆಂದೇ ಬಿದ್ದಳು ಅನ್ನುವುದು ನನ್ನ ಅನುಮಾನ. ಇವತ್ತಿಗೂ ಕೇಳಿಲ್ಲ.

ಒಳಗಿಂದ ಅತ್ತೆ ಮತ್ತೆ ಕರೆದರು. ಅಕ್ಕನಿಗೆ ಕೇಳಿಸಿತು, ರೆಪ್ಪೆ ಅಲುಗಿದ್ದನ್ನು ನಾನು ನೋಡಿದೆ. ಕಣ್ಣು ಮಾತ್ರ ತೆರೆಯಲಿಲ್ಲ. ಅದೂ ಅವಳ ಹೂಟವೇ ಇರಬೇಕು ಅಂದುಕೊಳ್ಳುತ್ತಾ, ಎದ್ದು ಅತ್ತೆಯ ಕೋಣೆಗೆ ಹೋದೆ.