ನಾಲ್ಕು ಸುತ್ತಿನ ಕಾಯಿಲ್

ನರಗುಂದದಲ್ಲಿ ನನ್ನದು ಸುಟ್ಟ ಪಂಪ್‌ಸೆಟ್ ಮೋಟಾರ್‌ಗಳಿಗೆ ತಂತಿ ಸುತ್ತುವ ಅಂಗಡಿ. ಸಾವಿರಗಟ್ಟಲೆ ಸುತ್ತು ಸುತ್ತಿದ ಈ ಕೈಗೆ ರೇಡಿಯೋದ ನಾಲ್ಕೇ ಸುತ್ತಿನ ಕಾಯಿಲ್ ಯಾವ ಲೆಕ್ಕ ಎಂದುಕೊಂಡಿದ್ದೆ. ಸೊಕ್ಕು, ಇನ್ನೇನು.

ಯಾವಗಲ್‌ನಲ್ಲಿರುವ ನನ್ನ ಅಕ್ಕನಿಗೆ ಈಗ ಕಣ್ಣು ಕಾಣುವುದಿಲ್ಲ. ಮೊಬೈಲಿನ ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ತೀರಿಹೋದ ಗಂಡನ ಹಳೆಯ ರೇಡಿಯೋದ ಗುಂಡಿಗಳು ಮಾತ್ರ ಕೈಗೆ ಗುರುತು. ಅದರೊಳಗಿನದೆಲ್ಲ ಎಂದೋ ಸುಟ್ಟುಹೋಗಿತ್ತು. ಅದೇ ಪೆಟ್ಟಿಗೆಯಲ್ಲಿ ಎಫ್‌ಎಂ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು ಅಂಗಡಿಗೆ ತಂದವನು, ಎರಡು ತಿಂಗಳು ಆ ಕಡೆ ಸುಳಿಯಲಿಲ್ಲ. ಪಕ್ಕದ ಮನೆಯವರು ಫೋನು ಹಚ್ಚಿಕೊಟ್ಟಾಗಲೆಲ್ಲ ಅಕ್ಕ, "ಯಾವಾಗ ಬರ್ತೀ?" ಎನ್ನುವಳು. "ರೇಡಿಯೋ ಮುಗೀಲಿ, ತಗೊಂಡ ಬರ್ತೀನಿ" ಎನ್ನುತ್ತಿದ್ದೆ.

ದನಿ ಹೊರಡಿಸುವ ಹಿಂದಿನ ಭಾಗವೆಲ್ಲ ಸಲೀಸಾಗಿ ಆಯಿತು. ಕಾಡಿದ್ದು ಮುಂಭಾಗ. ಏರಿಯಲ್‌ನಿಂದ ಬರುವ ಹತ್ತು ದನಿಗಳಲ್ಲಿ ಬೇಕಾದ್ದೊಂದನ್ನು ಆರಿಸಿ, ಬಲ ತುಂಬಿ ಒಳಗೆ ಕಳಿಸುವ ಜಾಗ ಅದು. ಅಕ್ಕನಿಗೆ ಬೇಕಾದ ಸ್ಟೇಷನ್ ದೂರದ್ದು, ಸೊರಗಿದ ದನಿ; ಪಕ್ಕದಲ್ಲೇ ಒಂದು ಜೋರಿನದು ಕೂತಿದೆ. ಮೂರು ಸಲ ಸರ್ಕ್ಯೂಟಿನ ನಕ್ಷೆ ಬದಲಿಸಿದೆ. ಕೊನೆಗೆ ಸ್ಟೇಷನ್ ಆರಿಸುವ ಆ ನಾಲ್ಕು ಸುತ್ತಿನ ಕಾಯಿಲನ್ನು ಒತ್ತೊತ್ತಾಗಿ ಸುತ್ತಿ, ಮೋಟಾರಿಗೆ ಮಾಡುವಂತೆಯೇ ವಾರ್ನಿಷ್ ಬಳಿದು ಒಣಗಿಸಿದೆ. ಅಂಗಡಿಯಲ್ಲಿ ಏರಿಯಲ್‌ಗೆ ಉದ್ದ ತಂತಿ ಕಟ್ಟಿ ಹಚ್ಚಿದಾಗ ಚೆನ್ನಾಗಿಯೇ ಹಾಡಿತು.

ಯಾವಗಲ್‌ಗೆ ಒಯ್ದು ಹಚ್ಚಿದರೆ, ಪೆಟ್ಟಿಗೆಯ ಗಿಡ್ಡ ಏರಿಯಲ್‌ಗೆ ಸಿಕ್ಕಿದ್ದು ಬರೀ ಜೋರಿನ ಸ್ಟೇಷನ್ನಿನ ಜಾಹೀರಾತು.

"ಚಲೋ ಆಗೇತಿ ಬಿಡೋ ತಮ್ಮಾ" ಎಂದಳು ಅಕ್ಕ. ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುತ್ತಿದ್ದಾಳೆ ಎಂದು ತಿಳಿದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಎಫ್‌ಎಂ ಕಾಯಿಲಿನ ಸುತ್ತುಗಳನ್ನು ಅಗಲಿಸಿ, ಹತ್ತಿರ ತಂದು ಸ್ಟೇಷನ್ನಿಗೆ ಹೊಂದಿಸಬೇಕು. ನಾನೋ ಅಲುಗದಂತೆ ಕಲ್ಲು ಮಾಡಿಟ್ಟಿದ್ದೆ. ವಾರ್ನಿಷನ್ನು ಬ್ಲೇಡಿನಿಂದ ಕೆರೆದೆ. ಸ್ಕ್ರೂಡ್ರೈವರ್ ತಾಗಿಸಿದರೆ ಇದ್ದ ದನಿಯೂ ಓಡಿಹೋಗುತ್ತಿತ್ತು. ಕಬ್ಬಿಣ ಆಗದು ಎಂದೆ. ಅಕ್ಕ ತಡವುತ್ತ ಹೋಗಿ ಒಲೆಯ ಪಕ್ಕದ ಜೋಳದ ದಂಟೊಂದನ್ನು ಸಿಗಿದು ತಂದುಕೊಟ್ಟಳು. ಅದರ ಸಿಬಿರಿನಿಂದ ನಾನು ಸುತ್ತುಗಳನ್ನು ಕೂದಲೆಳೆಯಷ್ಟು ಸರಿಸುವುದು, ಆಕೆ ಕಿವಿಗೊಡುವುದು.

"ಇನ್ನೊಂಚೂರು... ಹಾಂ, ಹಿಂದಕ್ಕ ತಗೋ... ನಿಂದ್ರು!"

ರೇಡಿಯೋದೊಳಗೆ ಹೆಣ್ಣುಮಗಳೊಬ್ಬಳು ಬಿತ್ತನೆಯ ಮಾತು ಹೇಳುತ್ತಿದ್ದಳು, ಎದುರಿಗೇ ಕೂತಷ್ಟು ಸ್ಪಷ್ಟವಾಗಿ. ನನಗೆ ಕುಣಿಯುವಷ್ಟು ಖುಷಿ. ಅಕ್ಕ ಮಾತ್ರ ಗುಂಡಿ ತಿರುವಿ ಆರಿಸಿಬಿಟ್ಟಳು.

"ಯಾಕ ಅಕ್ಕಾ, ಇನ್ನೂ ಸರಿ ಇಲ್ಲೇನ?"

"ಖರೇನ ಚಲೋ ಐತಿ. ಅಕಿ ನಾಳೀನೂ ಮಾತಾಡ್ತಾಳ. ನೀ ಐದರ ಬಸ್ಸಿಗೆ ಹೋಗಾಂವ. ಎರಡ ತಿಂಗಳ ಬರೇ ರೇಡಿಯೋ, ರೇಡಿಯೋ ಅಂದಿ. ಈಗರೆ ನೀ ಮಾತಾಡು."

ಐದರ ಬಸ್ಸು ಹೋಯಿತು. ನಾನು ಹೋಗಲಿಲ್ಲ.