ಆಯ್ತು ಎಂದೆ

೧೯೯೫ರ ಆಷಾಢ, ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಟಿ. ನರಸೀಪುರದಲ್ಲಿ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಆಪರೇಷನ್ ಕೋಣೆ. ಅಲ್ಲಿದ್ದವರು ನಾನು, ಅರಿವಳಿಕೆ ಕೊಟ್ಟ ಡಾಕ್ಟರು, ನರ್ಸ್ ಫಿಲೋಮಿನಾ, ಮತ್ತು ಮೇಜಿನ ಮೇಲೆ ಸೋಸಲೆಯ ಚಿಕ್ಕತಾಯಮ್ಮ. ಬೆನ್ನಿಗೆ ಸೂಜಿ ಕೊಟ್ಟಿದ್ದರಿಂದ ಆಕೆ ಎಚ್ಚರವಾಗಿದ್ದಳು. ಆಕೆ ಒಂದು ಪ್ರಶ್ನೆ ಕೇಳಿದಳು. ನಾನು ಸುಳ್ಳು ಹೇಳಿದೆ.

"ಆಪ್ರೇಸನ್ ಆಯ್ತಾ ಡಾಕ್ಟ್ರವ್ವ?"

"ಆಯ್ತು."

ಇದರಲ್ಲಿ ಸುಳ್ಳೇನು ಎಂದು ನೀವು ಕೇಳಬಹುದು. ಸಿಜೇರಿಯನ್ ಆಗಿತ್ತು, ಗಂಡುಮಗು ಅತ್ತಿತ್ತು, ಹೊಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಆಪರೇಷನ್ ಅಂದರೆ ಒಂದೇ — ಇನ್ನು ಮಕ್ಕಳಾಗದ ಹಾಗೆ ಮಾಡಿಸಿಕೊಳ್ಳುವುದು. ಹೊಟ್ಟೆ ಕೊಯ್ದು ಮಗು ತೆಗೆಯುವುದಕ್ಕೆ ಅವರು 'ಕುಯ್ದು ತಗುದ್ರು' ಅನ್ನುತ್ತಾರೆ. ಇದು ನನಗೆ ಗೊತ್ತಿತ್ತು. ಆಕೆ ಯಾವುದನ್ನು ಕೇಳುತ್ತಿದ್ದಾಳೆ ಎಂಬುದೂ ಗೊತ್ತಿತ್ತು. ಮೂರು ಹೆಣ್ಣಿನ ಮೇಲೆ ಇದು ನಾಲ್ಕನೆಯದು. ಟೆಂಪೋದಲ್ಲಿ ನೋವು ತಿನ್ನುತ್ತಾ ಬಂದವಳು ಬಾಗಿಲಲ್ಲೇ ನನ್ನ ಕೈ ಹಿಡಿದು, "ಅದ್ನೂ ಜೊತ್ಗೇ ಮಾಡ್ಬುಡಿ ಕಣವ್ವ" ಎಂದಿದ್ದಳು. ಗಂಡ ಪುಟ್ಟಸ್ವಾಮಿಯೂ ತಲೆಯಾಡಿಸಿದ್ದ.

ನಾನು ಕ್ರೈಸ್ತಳು, ಕಥೋಲಿಕಳು. ಆ ಆಪರೇಷನ್ ನಾನು ಮಾಡುತ್ತಿರಲಿಲ್ಲ, ನಮ್ಮ ಆಸ್ಪತ್ರೆಯಲ್ಲೂ ಇರಲಿಲ್ಲ. ಬೇಕೆಂದವರಿಗೆ ಮೊದಲೇ ಹೇಳಿ ಬೇರೆ ಕಡೆ ಕಳಿಸುವುದು ನನ್ನ ಪದ್ಧತಿ. ಆ ದಿನ ಕಳಿಸಲು ಸಮಯ ಇರಲಿಲ್ಲ, ಮಗುವಿನ ಎದೆಬಡಿತ ಇಳಿಯುತ್ತಿತ್ತು. ಹಾಗೆಂದು ಹೇಳಲೂ ಸಮಯ ಇರಲಿಲ್ಲವೇ? ಇತ್ತು. 'ಅದನ್ನು ನಾನು ಮಾಡುವುದಿಲ್ಲ' ಎನ್ನಲು ಎಷ್ಟು ಹೊತ್ತು ಬೇಕು? ನನ್ನ ನಂಬಿಕೆ ಮಾಡಬೇಡ ಎಂದಿತ್ತು, ನಿಜ. ಸುಳ್ಳು ಹೇಳು ಎಂದಿರಲಿಲ್ಲ. ಸುಳ್ಳು ನನ್ನದು. ಇನ್ನೂ ಇಬ್ಬರು ರೋಗಿಗಳು ಹೊರಗೆ ಕಾಯುತ್ತಿದ್ದರು. ಈಕೆ ಅಳುತ್ತಾಳೆ, ಗಂಡ ಕೂಗಾಡುತ್ತಾನೆ, ನನ್ನ ದಿನದ ಕ್ರಮ ಕೆಡುತ್ತದೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು, ಕನ್ಯಾಸ್ತ್ರೀಯರ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಕ್ರಮ ಕೆಡುವುದೆಂದರೆ ನನಗೆ ಪಾಪಕ್ಕಿಂತ ಭಯ.

ಇನ್ನೊಂದನ್ನೂ ಬರೆಯಬೇಕು. ಹೊಲಿಯುವಾಗ ನೋಡಿದೆ — ಹಿಂದಿನ ಸಿಜೇರಿಯನ್ನಿನ ಜಾಗ ಹಳೆಯ ಪಂಚೆಯಂತೆ ತೆಳ್ಳಗಾಗಿತ್ತು. ಇನ್ನೊಂದು ಬಸಿರನ್ನು ಆ ಗರ್ಭಕೋಶ ತಡೆಯುವುದು ಕಷ್ಟ. ಅದನ್ನು ಕಣ್ಣಾರೆ ಕಂಡಮೇಲೆಯೇ ನಾನು 'ಆಯ್ತು' ಎಂದದ್ದು.

ಆಮೇಲೆ ಸರಿಮಾಡುತ್ತೇನೆ ಎಂದುಕೊಂಡೆ. ಮಕ್ಕಳ ನಡುವೆ ಅಂತರ ಬೇಕಾದವರಿಗೂ, ಮಕ್ಕಳಾಗದೆ ಕೊರಗುವವರಿಗೂ ನಾನು ಪ್ರತಿ ಗುರುವಾರ ಮೈಯ ಲಕ್ಷಣ ನೋಡಿಕೊಳ್ಳುವುದನ್ನು ಕಲಿಸುತ್ತಿದ್ದೆ. ಒದ್ದೆಯ ದಿನ ಯಾವುದು, ಒಣಗಿದ ದಿನ ಯಾವುದು, ಬಸಿರು ನಿಲ್ಲುವುದು ಯಾವಾಗ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ಬನ್ನೂರಿನ ಒಬ್ಬಾಕೆ, "ನಮಗೆ ಯೋಳ್ಕೊಟ್ರೆ ಆಯ್ತಾ? ಸಂಜೆ ಕುಡ್ದು ಬರೋನ್ಗೆ ಇವತ್ತು ಒದ್ದೆ ದಿನ ಅಂತ ನೀವೇ ಬಂದ್ ಯೋಳ್ಬುಡಿ" ಎಂದಳು. ಎಲ್ಲರ ಜೊತೆ ನಾನೂ ನಕ್ಕೆ. ಆ ಮಾತಿನಲ್ಲಿದ್ದ ಸತ್ಯ ನನಗೆ ತಟ್ಟಲಿಲ್ಲ. ಆದರೆ ಆ ವಿದ್ಯೆಯಿಂದ ಹತ್ತು ವರ್ಷ ಕಾದವರ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದನ್ನು ನೋಡಿದ್ದೆ. ಚಿಕ್ಕತಾಯಮ್ಮನಿಗೂ ಕಲಿಸುತ್ತೇನೆ, ಆಗ ನಿಜ ಹೇಳುತ್ತೇನೆ —

ಮನೆಗೆ ಹೊರಟ ದಿನ, ಆರು ವಾರ ಬಿಟ್ಟು ಬಾ ಎಂದೆ.

"ಇನ್ಯಾಕ್ ಬರ್ಲವ್ವ? ಆಪ್ರೇಸನ್ ಆಯ್ತಲ್ಲ. ಇನ್ ನಿಮ್ ಮೆಟ್ಲು ಅತ್ತಾಕಿಲ್ಲ ನಾನು" ಎಂದು ನಕ್ಕಳು. ಪುಟ್ಟಸ್ವಾಮಿ ಒಂದು ಚಿಪ್ಪು ಬಾಳೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟು ಕೈಮುಗಿದ. ಫಿಲೋಮಿನಾ ನನ್ನ ಮುಖ ನೋಡಿದಳು. ನಾನು ಮುಂದಿನ ರೋಗಿಯನ್ನು ಕರೆದೆ.

ಆಕೆ ಬರಲಿಲ್ಲ. ಸೋಸಲೆ ಎಷ್ಟು ದೂರ? ಬಸ್ಸು ಹತ್ತಿದರೆ ಇಳಿಯುವಷ್ಟು ಹತ್ತಿರ. ನಾನು ಹೋಗಲಿಲ್ಲ, ಯಾರನ್ನೂ ಕಳಿಸಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಬಂದಳು. ಹೊಟ್ಟೆ ಕಾಣುತ್ತಿತ್ತು. ಹಿಂದೆ ಪುಟ್ಟಸ್ವಾಮಿ, ಅವನ ಹಿಂದೆ ಅವನ ತಾಯಿ. ಅತ್ತೆ ಬಾಗಿಲು ದಾಟುವ ಮೊದಲೇ ಶುರುಮಾಡಿದರು: "ಆಪ್ರೇಸನ್ ಆದೋಳ್ಗೆ ಬಸ್ರು ಎಂಗ್ ನಿಂತದು? ಯೋಳಿ ಡಾಕ್ಟ್ರೇ, ನಾವ್ ಓದ್ದೋರಲ್ಲ."

ಚಿಕ್ಕತಾಯಮ್ಮ ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸಾಕ್ಷಿ ಹೇಳಲು ಬಂದವರನ್ನು ನೋಡುತ್ತಾರಲ್ಲ, ಹಾಗೆ. "ನೀವೇ ಮಾಡಿದ್ರಲ್ಲವ್ವ. ಯೋಳಿ ಇವ್ರ್ಗೆ."

ಆಗ ಬಾಯಿ ಬಿಟ್ಟಿದ್ದರೆ — ಕೆಲಸ ಹೋಗುತ್ತಿತ್ತು, ಹೆಸರು ಹೋಗುತ್ತಿತ್ತು, ಕೋರ್ಟಿಗೂ ಎಳೆಯುತ್ತಿದ್ದರೇನೋ. ಹೋಗಲಿ, ಹೋಗಬೇಕಾಗಿತ್ತು. ನಾನು ಏನೆಂದೆ ಗೊತ್ತೇ?

"ಅಪರೂಪಕ್ಕೆ ಆಪರೇಷನ್ ಫೇಲಾಗೋದುಂಟು."

ಪುಟ್ಟಸ್ವಾಮಿ ಮೆಲ್ಲಗೆ, "ಆ ಅಪರೂಪ ನನ್ ಎಂಡ್ತೀನೇ ಉಡುಕ್ಕಂಡ್ ಬಂತಾ ಸಾ?" ಎಂದ. ಗಂಡಸರನ್ನು ಕರೆಯುವಂತೆ ನನ್ನನ್ನು ಸಾ ಎಂದ. ಬಾಗಿಲು ತೆಗೆದು ಹೊರಟುಹೋದ.

ಗಂಡನ ಮನೆಯವರು ಆಕೆಯನ್ನು ತವರಿಗೆ ಅಟ್ಟಿದರು, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ. ಹಿರಿಯ ನಾಲ್ಕು ಮಕ್ಕಳನ್ನು ಅವರು ಕಳಿಸಲಿಲ್ಲ. ಗಂಡುಮಗುವಿಗೆ ಆಗಿನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ಎಂಟನೆಯ ತಿಂಗಳಲ್ಲಿ ಗರ್ಭಕೋಶ ಬಿರಿಯಿತು. ಮೈಸೂರಿನಲ್ಲಿ ಅದನ್ನು ತೆಗೆದು ತಾಯಿಯನ್ನೂ ಹೆಣ್ಣುಮಗುವನ್ನೂ ಉಳಿಸಿದರೆಂದು ಫಿಲೋಮಿನಾ ಬಂದು ಹೇಳಿದಳು. ಅಲ್ಲಿ ಹೊಟ್ಟೆ ತೆರೆದವರಿಗೆ ಕಂಡಿರಬೇಕು, ಆಪರೇಷನ್ ಆದ ಗುರುತೇ ಇಲ್ಲವೆಂದು. ಯಾರಾದರೂ ಕೇಳಿಕಳಿಸುತ್ತಾರೆ ಎಂದು ಹೆದರಿ ಕಾದೆ. ಯಾರೂ ಕೇಳಲಿಲ್ಲ. ದೇವರಿಗೆ ಸ್ತೋತ್ರ ಹೇಳಿದೆ — ಯಾವುದಕ್ಕೆ? ತಾಯಿ ಮಗು ಉಳಿದದ್ದಕ್ಕೋ, ನಾನು ಉಳಿದದ್ದಕ್ಕೋ?

ಪಾಪನಿವೇದನೆಗೆ ಹೋದೆ. ಚರ್ಚಿನ ಗುರುಗಳು ಪೂರ್ತಿ ಕೇಳಿ, ಜಪಸರ ಹೇಳು ಎಂದರು, ಆಮೇಲೆ, "ಆ ಹೆಣ್ಣುಮಗಳ ಹತ್ತಿರ ಹೋಗಿ ನಿಜ ಹೇಳು" ಎಂದರು. ಜಪಸರವನ್ನು ಅಂದೇ ಹೇಳಿ ಮುಗಿಸಿದೆ.

ಮುಗಿಯದ ಕೆಲಸ ಇಟ್ಟುಕೊಂಡು ಮಲಗಬಾರದೆಂದು ನಮಗೆ ಹಾಸ್ಟೆಲಿನಲ್ಲಿ ಕಲಿಸಿದ್ದರು. ಹನ್ನೆರಡು ವರ್ಷ ಹಾಗೆಯೇ ಮಲಗಿದೆ. ಎಷ್ಟೋ ಹೆರಿಗೆ ಮಾಡಿಸಿದೆ, ನಿವೃತ್ತಳಾದೆ, ನಂಜನಗೂಡಿನಲ್ಲಿ ಮನೆ ಮಾಡಿದೆ. ಹೆಮ್ಮರಗಾಲದ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ಹೋಗುತ್ತಿತ್ತು. ಬೋರ್ಡು ಕಂಡರೆ ಮುಖ ತಿರುಗಿಸುತ್ತಿದ್ದೆ.

೨೦೦೯ರಲ್ಲಿ ಒಂದು ಬೆಳಗ್ಗೆ ಫಿಲೋಮಿನಾ ಫೋನ್ ಮಾಡಿದಳು. ಪುಟ್ಟಸ್ವಾಮಿ ತೀರಿಕೊಂಡ, ತವರಲ್ಲಿ ಹುಟ್ಟಿದ ಆ ಹುಡುಗಿ ಅಪ್ಪನ ಮುಖ ನೋಡಲು ಬಂದರೆ ಅಜ್ಜಿ ಬೀದಿಯಿಂದಲೇ ವಾಪಸ್ಸು ಕಳಿಸಿದರಂತೆ. ಆಮೇಲೆ ಫಿಲೋಮಿನಾ ಹೇಳಿದಳು: "ಮೇಡಂ, ಅವತ್ತು ಆಪರೇಷನ್ ಕೋಣೆಯಲ್ಲಿ ನಾನೂ ಇದ್ದೆ." ಫೋನ್ ಇಟ್ಟಳು.

ಹೋದೆ. ಹೆಮ್ಮರಗಾಲದ ಮನೆಯ ಬಾಗಿಲಲ್ಲಿ ಚಿಕ್ಕತಾಯಮ್ಮ ರಾಗಿ ಕೇರುತ್ತಿದ್ದಳು. ನನ್ನ ಗುರುತು ಹಿಡಿದು ಎದ್ದಳು, ಚಾಪೆ ಹಾಸಿದಳು, ನೀರು ತಂದಳು. ನಾನು ಕೂರಲಿಲ್ಲ. ಆಪರೇಷನ್ ಆಗಿರಲಿಲ್ಲ, ನಾನು ಮಾಡಲೇ ಇಲ್ಲ, ಮಾಡಿದೆನೆಂದು ಸುಳ್ಳು ಹೇಳಿದೆ ಎಂದೆ. ಬೈಯಲಿ ಎಂದು ಕಾದೆ. ಆಕೆ ಮೊರ ಎತ್ತಿ ಗೋಡೆಗೆ ಒರಗಿಸಿದಳು.

"ಒಂದೊಂದ್ ಸಲ ನಂಗೇ ಅನ್ಮಾನ ಬತ್ತಿತ್ತು ಕಣವ್ವ" ಎಂದಳು. "ಊರೆಲ್ಲ ಅಂತಾರೆ, ಅತ್ತೆ ಅಂತಾರೆ, ಕಟ್ಕಂಡೋನೂ ಅಂತಾನೆ. ನಿದ್ದೇಲೋ, ಜ್ವರ ಬಂದು ಮಲ್ಗಿದ್ದಾಗ್ಲೋ, ನಂಗೇ ತಿಳೀದಂಗೆ ಏನಾರ... ಅಂತ. ಈ ಮಗ್ಳ್ ಮುಖ್ದಲ್ಲಿ ಯಾರ್ ಕಾಣ್ತಾರೆ ಅಂತ ಉಡುಕ್ತಿದ್ದೆ."

ಆಕೆಯ ಗಂಡನನ್ನು ಕಳೆದೆ, ನಾಲ್ಕು ಮಕ್ಕಳನ್ನು ದೂರ ಮಾಡಿದೆ ಎಂದುಕೊಂಡು ಹೋಗಿದ್ದೆ. ಆಕೆಗೆ ತನ್ನ ಮೇಲಿದ್ದ ನಂಬಿಕೆಯನ್ನೂ ನಾನೇ ತೆಗೆದಿದ್ದೆ.

ಹುಡುಗಿ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸವಿತಾ, ಸ್ಕೂಲ್ ಯೂನಿಫಾರ್ಮಿನಲ್ಲೇ ಇದ್ದಳು. ಪುಟ್ಟಸ್ವಾಮಿಯದೇ ಹುಬ್ಬು, ಅವನದೇ ಮೆಲುದನಿ. "ಇದ್ನ ಸೋಸ್ಲೇಲಿ ಬಂದ್ ಯೋಳ್ತೀರಾ?"

"ಸುಮ್ಕಿರು. ನಿಮ್ಮಪ್ಪ ತೀರೋದ" ಎಂದಳು ತಾಯಿ.

"ಅಪ್ಪ ತೀರೋದ್ರು. ಅಜ್ಜಿ ಇನ್ನೂ ಬದ್ಕವ್ರಲ್ಲ."

ಮೂವರೂ ಹೊರಟೆವು. ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ನರಸೀಪುರದಲ್ಲಿ ಇನ್ನೊಮ್ಮೆ ಬದಲಿಸಿ, ಬೆಳಕಿರುವಾಗಲೇ ಸೋಸಲೆ ಮುಟ್ಟಿದೆವು. ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ, ಮೀಸೆ ಮೂಡುವುದಕ್ಕೂ ಮೊದಲೇ ತಲೆ ಬೋಳಿಸಿಕೊಂಡ ಮೊಮ್ಮಗ — ಆ ಮಂಗಳವಾರ ನಾನು ಎತ್ತಿದ್ದ ಮಗು. ತಾಯಿಯನ್ನು ನೋಡಿ ಯಾರೋ ಎಂಬಂತೆ ಪಕ್ಕಕ್ಕೆ ಸರಿದ.

ನಾನು ಹೇಳಿದೆ.

"ಏನವ್ವ? ಕಿವಿ ಮಂದ. ಗಟ್ಟಿಯಾಗ್ ಯೋಳಿ" ಎಂದರು ಅಜ್ಜಿ.

ಇನ್ನೊಮ್ಮೆ ಹೇಳಿದೆ. ಅವರು ಕಿವಿಗೆ ಕೈ ಕೊಟ್ಟು ಬಾಗಿದರು. ಎದುರುಮನೆಯ ಹೆಂಗಸು ಹೊರಗೆ ಬಂದಳು, ಹಾಲಿನ ಕ್ಯಾನು ಹಿಡಿದವನೊಬ್ಬ ಸೈಕಲ್ ನಿಲ್ಲಿಸಿದ. ಚಿಕ್ಕತಾಯಮ್ಮ ತಲೆ ತಗ್ಗಿಸಿರಲಿಲ್ಲ. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

ಜೀವಮಾನದಲ್ಲಿ ದನಿ ಏರಿಸಿ ಮಾತಾಡಿದವಳಲ್ಲ ನಾನು. ಬೀದಿಯ ಮಧ್ಯೆ ನಿಂತು ಕೂಗಿದೆ: "ಆಪರೇಷನ್ ಆಗಿರಲಿಲ್ಲ. ಸುಳ್ಳು ಹೇಳಿದವಳು ನಾನು. ಈ ಮಗು ನಿಮ್ಮ ಮಗನದ್ದು."

ಮೂರನೆಯ ಸಲಕ್ಕೆ ಅಜ್ಜಿಗೆ ಕೇಳಿಸಿತು.